ಅಕ್ಕನ ಎಳೆ, ನನ್ನ ಕ್ಯಾಮೆರಾ

ಕಡಿಮೆ ದುಡ್ಡಿನಲ್ಲಿ ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಫೋಟೊಗ್ರಫಿ ಶುರು ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಅರ್ಧ ಗಂಟೆ ಕೊರೆಯಬಲ್ಲೆ. ಹೊಸದರ ತಂಟೆಗೆ ಹೋಗಬೇಡಿ, ಹತ್ತು ಹದಿನೈದು ವರ್ಷ ಹಳೆಯದನ್ನು ಹುಡುಕಿ. ಒಂದೇ ಲೆನ್ಸ್ ಸಾಕು. ಉಳಿದ ದುಡ್ಡನ್ನು ಗಟ್ಟಿಯಾದ ಸ್ಟ್ಯಾಂಡಿಗೂ ಎರಡು ಬ್ಯಾಟರಿಗೂ ಹಾಕಿ. ಮೊದಲು ಒಂದು ದಿನ ಬಾಡಿಗೆಗೆ ತಂದು ನೋಡಿ, ಹೆಗಲು ಒಪ್ಪಿದರೆ ಮಾತ್ರ ಕೊಳ್ಳಿ. ಇಷ್ಟೆಲ್ಲ ಹೇಳಿದ ಮೇಲೆ ಕೇಳುವವರು, "ನೀವು ಅದರಲ್ಲಿ ಏನು ತೆಗೆದಿರಿ?" ಎನ್ನುತ್ತಾರೆ. ಅಲ್ಲಿಗೆ ನನ್ನ ಬಾಯಿ ಕಟ್ಟುತ್ತದೆ. ತೆಗೆದದ್ದು ನನ್ನ ಅಕ್ಕನ ರಂಗೋಲಿ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ. ಯಾಕೆ ಎನ್ನುವುದನ್ನು ಬರೆದಾದರೂ ಹಗುರಾಗೋಣ ಎಂದು ಕೂತಿದ್ದೇನೆ.

ಹೈದರಾಬಾದಿನ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾತ್ರೆಗಳ ತಪಾಸಣೆ ವಿಭಾಗದಲ್ಲಿದ್ದವನು ನಾನು. ಬಿಳಿ ಮಾತ್ರೆಯ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಂಡರೂ ಇಡೀ ತಟ್ಟೆಯನ್ನು ಪಕ್ಕಕ್ಕೆ ಇಡಿಸುವುದು ನನ್ನ ಕೆಲಸ. ಆ ಕಣ್ಣನ್ನು ಗೇಟಿನಲ್ಲಿ ಬಿಟ್ಟು ಬರಲು ನನಗೆ ಯಾವತ್ತೂ ಆಗಲಿಲ್ಲ. ಮನೆಯಲ್ಲಿ ಅನ್ನದಲ್ಲಿ ನುಚ್ಚು ಹುಡುಕುತ್ತಿದ್ದೆ, ಗೋಡೆಯಲ್ಲಿ ಬಿರುಕು ಹುಡುಕುತ್ತಿದ್ದೆ, ನೆಂಟರ ಮಾತಿನಲ್ಲಿ ಕೊಂಕು ಹುಡುಕುತ್ತಿದ್ದೆ. ನಿವೃತ್ತಿಯಾದ ಮೇಲೆ ಹುಡುಕಲು ಏನೂ ಉಳಿಯದೆ ಹೋದಾಗ ಈ ಕ್ಯಾಮೆರಾದ ಹುಚ್ಚು ಹಿಡಿಯಿತು.

ಮೀಡಿಯಂ ಫಾರ್ಮ್ಯಾಟ್ ಎಂದರೆ ಮತ್ತೇನಲ್ಲ, ಕ್ಯಾಮೆರಾದ ಒಳಗೆ ಬೆಳಕು ಬೀಳುವ ಫಲಕ ಮಾಮೂಲಿಯದಕ್ಕಿಂತ ದೊಡ್ಡದು. ಫಲಕ ದೊಡ್ಡದಾದಷ್ಟೂ ಚಿತ್ರದಲ್ಲಿ ಸೂಕ್ಷ್ಮ ಹೆಚ್ಚು. ಹೊಸದರ ಬೆಲೆಗೆ ಒಂದು ಕಾರು ಬರುತ್ತದೆ. ನಾನು ಕೊಂಡದ್ದು ಕೋಠಿಯಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಸ್ಟುಡಿಯೊದಿಂದ. ಒಡವೆ ಅಂಗಡಿಗಳಿಗಾಗಿ ಹಾರ, ಬಳೆಗಳ ಚಿತ್ರ ತೆಗೆದು ತೆಗೆದು ಸವೆದಿದ್ದ ಕ್ಯಾಮೆರಾ. ಸ್ಟುಡಿಯೊದ ಯಜಮಾನ ಅದನ್ನು ಮೃದುವಾದ ಬಟ್ಟೆಯಲ್ಲಿ ಸುತ್ತಿ ಕೊಡುತ್ತ, "ಇಸಕೋ ಧೂಪ್ ಹೋನಾ, ಔರ್ ಸಬರ್ ಹೋನಾ ಸಾಬ್," ಎಂದ. ಬಿಸಿಲೂ ಬೇಕು, ತಾಳ್ಮೆಯೂ ಬೇಕು. ಬಿಸಿಲು ಹೈದರಾಬಾದಿನಲ್ಲಿ ಪುಕ್ಕಟೆ ಸಿಗುತ್ತದೆ. ತಾಳ್ಮೆ ನನ್ನ ಹತ್ತಿರ ಹುಟ್ಟಿದಾಗಿನಿಂದಲೂ ಇಲ್ಲ.

ಆತ ಹೇಳಿದ್ದು ನಿಜವಾಗಿತ್ತು. ಬೆಳಕು ತುಸು ಕಡಿಮೆಯಾದರೂ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಆಗುತ್ತಿತ್ತು. ಒಂದು ಚಿತ್ರ ತೆಗೆದು ಇನ್ನೊಂದಕ್ಕೆ ಕಾಯಬೇಕು. ಬ್ಯಾಟರಿ ಒಂದು ಗಂಟೆ ಬಂದರೆ ಪುಣ್ಯ. ಅಲುಗಾಡುವ ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಮೊದಲ ವಾರ ಹೆಂಡತಿಯನ್ನು ಕಿಟಕಿಯ ಪಕ್ಕ ಕೂರಿಸಿ ಮೂರು ಸಲ ಅಲುಗಬೇಡ ಎಂದೆ. ನಾಲ್ಕನೆಯ ಸಲಕ್ಕೆ ಅವಳು ಎದ್ದೇಬಿಟ್ಟಳು. "ನಾ ಏನ್ ಬದನೀಕಾಯಿ ಏನ್ರಿ, ಇಟ್ಟಲ್ಲೇ ಇರಾಕ?" ಎಂದು ಅಡಿಗೆಮನೆಗೆ ಹೋದಳು. ನಾನೂ ಹಠಕ್ಕೆ ಬಿದ್ದು ಬದನೆಕಾಯಿಯನ್ನೇ ಇಟ್ಟು ತೆಗೆದೆ. ತೊಟ್ಟಿನ ಮೇಲಿನ ಮುಳ್ಳು ಸಹಿತ ಬಂತು. ಆದರೆ ಬದನೆಕಾಯಿಯನ್ನು ಎಷ್ಟು ದಿನ ತೆಗೆಯುವುದು?

ಆಗ ಅಕ್ಕನ ರಂಗೋಲಿ ನೆನಪಾಯಿತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಕುಷಾಯಿಗೂಡದ ತನ್ನ ಮನೆಯಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಗೇಟಿನ ಒಳಗೆ ಶಹಾಬಾದ್ ಕಲ್ಲು ಹಾಸಿದ ಸಣ್ಣ ಅಂಗಳ. ಆ ಓಣಿಯಲ್ಲಿ ಕನ್ನಡದ ಮನೆ ಅವರದೊಂದೇ. ಧನುರ್ಮಾಸ ಬಂತೆಂದರೆ ಅಲ್ಲಿನ ತೆಲುಗು ಮನೆಗಳ ಮುಂದೆ ತಿಂಗಳಿಡೀ ಮುಗ್ಗು, ಅಂದರೆ ನಮ್ಮ ರಂಗೋಲಿ. ನಮ್ಮಲ್ಲಿ ಆ ಮಾಸದ ಅಂಥ ಕಟ್ಟಳೆಯೇನೂ ಇಲ್ಲ. ಆದರೆ ಓಣಿ ಪೂರ್ತಿ ಬೆಳ್ಳಗಾದಾಗ ತನ್ನ ಬಾಗಿಲೊಂದು ಬೋಳಾಗಿರುವುದು ಅಕ್ಕನಿಗೆ ಸೇರದು. ಅವಳೂ ತಿಂಗಳಿಡೀ ದಿನಕ್ಕೊಂದು ದೊಡ್ಡ ರಂಗೋಲಿ ಹಾಕುತ್ತಿದ್ದಳು.

ಹಾಕುವ ರೀತಿ ಮಾತ್ರ ಬೇರೆ. ಓಣಿಯ ಹೆಂಗಸರು ಮೊದಲು ಚುಕ್ಕಿ ಇಟ್ಟು, ಎಣಿಸಿ, ಆಮೇಲೆ ಗೆರೆ ಎಳೆಯುತ್ತಾರೆ. ಅಕ್ಕ ಚುಕ್ಕಿ ಇಡುವವಳಲ್ಲ. ಮೂರು ಬೆರಳಲ್ಲಿ ಪುಡಿ ಹಿಡಿದು, ಒಮ್ಮೆಗೇ ಎರಡೆರಡು ಎಳೆ ಬಿಡುತ್ತ, ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ ಹೋಗುತ್ತಾಳೆ. ಎಳೆ ಎಲ್ಲಿಯೋ ಹೊರಟು, ಎಲ್ಲೆಲ್ಲೋ ತಿರುಗಿ, ಇನ್ನೇನು ಕೆಟ್ಟಿತು ಎನ್ನುವಷ್ಟರಲ್ಲಿ ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳುತ್ತದೆ. ಕೂಡಿದ ಮೇಲೆ ತುದಿ ಯಾವುದು, ಮೊದಲು ಯಾವುದು ಯಾರಿಗೂ ತಿಳಿಯದು. ಇದು ನಮ್ಮ ಅವ್ವನ ಕೈಯದು. ಅವ್ವ ವಿಜಯಪುರದ ಕಡೆಯಿಂದ ಸೊಸೆಯಾಗಿ ಹೈದರಾಬಾದಿಗೆ ಬಂದಾಗ ಬೆರಳಲ್ಲಿ ತಂದದ್ದು. ಅಕ್ಕ ಅವಳ ಪಕ್ಕ ಕೂತು ಕಲಿತಳು. ಪುಸ್ತಕದಲ್ಲಿ ಯಾರೂ ಬರೆದಿಡಲಿಲ್ಲ.

ಅಕ್ಕನಿಗೆ ಹೆಣ್ಣುಮಕ್ಕಳಿಲ್ಲ. ಸೊಸೆ ಕರೀಂನಗರದ ತೆಲುಗು ಹುಡುಗಿ, ಶಾಲೆಯಲ್ಲಿ ಟೀಚರು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಕನ್ನಡವನ್ನು ಅಕ್ಕನ ಬಾಯಿಂದಲೇ ಕಲಿತಿದ್ದಳು. ಇನ್ನು ರಂಗೋಲಿಯೊಂದು ಬಾಕಿ. ಆ ವರ್ಷದ ಧನುರ್ಮಾಸಕ್ಕೆ ಅತ್ತೆ ಸೊಸೆ ಮಾತಾಡಿಕೊಂಡಿದ್ದರು. ನಸುಕಿನಲ್ಲಿ ಸೊಸೆಗೆ ಅಡಿಗೆ, ಡಬ್ಬಿಯ ಗಡಿಬಿಡಿ. ಎಂಟಕ್ಕೆ ಗಂಡನನ್ನು ಕಳಿಸಿದ ಮೇಲೆ, ತಾನು ಶಾಲೆಗೆ ಹೊರಡುವ ತನಕ ಮುಕ್ಕಾಲು ಗಂಟೆ ಬಿಡುವು. ಆ ಹೊತ್ತಿನಲ್ಲಿ ಅಂಗಳದ ಕಲ್ಲಿನ ಮೇಲೆ ದಿನಾ ಒಂದೊಂದು ಎಳೆ ಕಲಿಸುವುದು ಎಂದು. "ಈ ತಿಂಗಳದಾಗ ಆಕಿ ಕೈ ತಿದ್ದಿಬಿಡ್ತೀನಿ. ನನ್ನ ಮೊಣಕಾಲ ಇನ್ನ ಎಷ್ಟ ದಿನ ಕೇಳ್ತಾವ?" ಎಂದು ಅಕ್ಕ ನನ್ನ ಎದುರೇ ಹೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೇ ಆ ಮುಕ್ಕಾಲು ಗಂಟೆಯನ್ನು ಕಿತ್ತುಕೊಂಡೆ.

ಆದದ್ದು ಹೀಗೆ. ಹೊತ್ತು ಹುಟ್ಟುವ ಮೊದಲು ಬಾಗಿಲಿಗೆ ರಂಗೋಲಿ ಬೀಳಬೇಕು ಎನ್ನುವುದು ಅವ್ವ ಹಾಕಿಕೊಟ್ಟ ನಿಯಮ. ಅಕ್ಕ ಕತ್ತಲಲ್ಲೇ ಎದ್ದು, ನೀರು ಚಿಮುಕಿಸಿ ಥಳಿ ಹೊಡೆದು, ಗೇಟಿನ ಹೊರಗೆ ರಂಗೋಲಿ ಹಾಕಿ ಮುಗಿಸುತ್ತಾಳೆ. ಆ ಕತ್ತಲು ನನ್ನ ಕ್ಯಾಮೆರಾಕ್ಕೆ ಆಗದು. ಬಿಸಿಲು ಬರುವಷ್ಟರಲ್ಲಿ ಹಾಲಿನವನ ಗಾಡಿ, ಶಾಲೆಯ ವ್ಯಾನು ಹಾದು ರಂಗೋಲಿ ಅರ್ಧ ಅಳಿಸಿರುತ್ತಿತ್ತು. ನನಗೆ ಬೇಕಾದ ಬಿಸಿಲು ಎಂಟರಿಂದ ಎಂಟೂವರೆಯದು. ಆಗ ಅದು ಓರೆಯಾಗಿ ಬಿದ್ದು ಪುಡಿಯ ಒಂದೊಂದು ಕಾಳನ್ನೂ ಎತ್ತಿ ತೋರಿಸುತ್ತದೆ. ಅದಕ್ಕೇ, "ಅಕ್ಕಾ, ಇನ್ನೊಂದ್ಸಲ ಒಳಗ ಕಲ್ಲಿನ ಮ್ಯಾಲ ಹಾಕಿ ಕೊಡು, ನನಗೋಸ್ಕರ," ಎಂದೆ.

ಅಕ್ಕ ನಕ್ಕಳು. "ದೇವರಿಗೊಂದು, ನಿನಗೊಂದು ಅನ್ನು. ದೇವರಾದ್ರ ಕತ್ತಲದಾಗೂ ನೋಡಿಕೊಂತಾನ. ನಿಂದ ಭಾಳ ನಾಜೂಕ ಐತಪ್ಪಾ!"

ಬೈಯುತ್ತಲೇ ಒಪ್ಪಿದಳು. ನಾನು ಏನು ಕೇಳಿದರೂ ಅಕ್ಕ ಒಪ್ಪುತ್ತಿದ್ದುದೇ ಹಾಗೆ. ಎರಡೆರಡು ಸಲ ಕುಕ್ಕರುಗಾಲಲ್ಲಿ ಕೂತ ಮೇಲೆ ಮೂರನೆಯ ಸಲಕ್ಕೆ ಅವಳ ಮೊಣಕಾಲು ಏಳುವುದಿಲ್ಲ ಎನ್ನುವುದು ನನಗೆ ಹೊಳೆಯದ ಸಂಗತಿಯೇನಲ್ಲ. ಸೊಸೆಯ ಪಾಠ ಸಂಕ್ರಾಂತಿ ಆದ ಮೇಲೂ ಆಗುತ್ತದೆ, ಈ ಬಿಸಿಲು ಆಮೇಲೆ ಸಿಗುವುದಿಲ್ಲ ಎಂದುಕೊಂಡೆ. ಅದನ್ನೇ ಅವರಿಗೂ ಹೇಳಿದೆ. ಸೊಸೆ "ಆಯ್ತು ಮಾಮಾ" ಎಂದಳು. ಹಿರಿಯರಿಗೆ ಮತ್ತೇನು ಹೇಳಬೇಕು?

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಕುಷಾಯಿಗೂಡಕ್ಕೆ ಹೋಗತೊಡಗಿದೆ. ಪೇಂಟರುಗಳು ಘೋಡಾ ಎನ್ನುವ ಮಡಚುವ ಏಣಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದೆ. ಕ್ಯಾಮೆರಾವನ್ನು ಅದರ ತುದಿಗೆ ಕೆಳಮುಖ ಮಾಡಿ ಬಿಗಿದೆ. ಬೆಳಕು ಹೊಂದಿಸುವ ದುಬಾರಿ ಸಲಕರಣೆಯ ಬದಲು ಒಂದು ಥರ್ಮೊಕೋಲ್ ಹಲಗೆ, ಎರಡು ಬಟ್ಟೆ ಕ್ಲಿಪ್ಪು, ಒಂದು ಹಳೆಯ ಬಿಳಿ ಪಂಚೆ. ಕಡಿಮೆ ದುಡ್ಡಿನಲ್ಲಿ ಎಷ್ಟು ಚೆನ್ನಾಗಿ ಹೊಂದಿಸಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡದ್ದುಂಟು. ಮೊದಲ ಚಿತ್ರಗಳಲ್ಲಿ ಪುಡಿ ದಪ್ಪ ಕಂಡಿತೆಂದು ಬೇಗಂ ಬಜಾರಿಗೆ ಹೋಗಿ ಅತಿ ನುಣುಪಿನ ಪುಡಿಯನ್ನೂ ತಂದೆ. ಅದು ಅಕ್ಕನ ಬೆರಳಲ್ಲಿ ನಿಲ್ಲದೆ ಜಾರುತ್ತಿತ್ತು. "ಇದು ಕೈಯಾಗ ನಿಂದ್ರವಲ್ದು," ಎಂದಳು. "ಎರಡ್ ದಿನ ರೂಢಿ ಆದ್ರ ಬರ್ತೈತಿ," ಎಂದೆ. ಐವತ್ತು ವರ್ಷ ಪಳಗಿದ ಕೈಗೆ ನಾನು ಎರಡು ದಿನದ ರೂಢಿ ಕಲಿಸಲು ಹೊರಟಿದ್ದೆ.

ಅಕ್ಕ ಎಳೆ ಬಿಡುವಾಗ ಸುಮ್ಮನಿರುವವಳಲ್ಲ. ಒಂದೊಂದು ತಿರುವಿಗೂ ಅವ್ವ ಇಟ್ಟ ಹೆಸರುಗಳಿದ್ದವು. "ಇದು ನೋಡು, ಆಮಿ ಬೆನ್ನ. ಇಲ್ಲಿಂದ ಹೊಳ್ಳಿದ್ರ ತವರಿನ ದಾರಿ," ಎಂದು ಕೆಳಗಿನಿಂದ ಹೇಳುತ್ತಿದ್ದಳು. ನಾನು ಏಣಿಯ ಮೇಲಿನಿಂದ "ಹೂಂ, ಹೂಂ" ಎನ್ನುತ್ತಿದ್ದೆ. ಇನ್ನೂ ಹತ್ತಾರು ಹೆಸರು ಹೇಳಿದ್ದಾಳೆ. ನನಗೆ ಉಳಿದದ್ದು ಇವೆರಡೇ, ಅವು ಯಾವ ತಿರುವಿಗೆ ಎನ್ನುವುದೂ ಗೊತ್ತಿಲ್ಲ.

ಎರಡನೆಯ ವಾರವೋ ಏನೋ, ಒಂದು ಬೆಳಿಗ್ಗೆ ಸೊಸೆ ಎಂದಿಗಿಂತ ಬೇಗ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಹೊರಗೆ ಬಂದಳು. ಅಕ್ಕ ಆಗಷ್ಟೇ ಪುಡಿ ಹಿಡಿದು ಕೂತಿದ್ದಳು. ಸೊಸೆ ಬಾಗಿಲ ಬಳಿ ನಿಂತು ಫೋನ್ ಎತ್ತಿ ಹಿಡಿದಳು. ಅವಳ ನೆರಳು ಉದ್ದಕ್ಕೆ ಕಲ್ಲಿನ ಮೇಲೆ ಬಿತ್ತು.

"ಏ, ಸರಿ ಸರಿ, ನೆರಳ ಬೀಳಾಕತ್ತೈತಿ!" ಎಂದು ಏಣಿಯ ಮೇಲಿನಿಂದಲೇ ಕೂಗಿದೆ.

"ಎರಡೇ ನಿಮಿಷ ಮಾಮಾ. ಅತ್ತಮ್ಮ ಹಾಕೋದು ವಿಡಿಯೊ ತಗೊಂತೀನಿ. ಶಾಲಿಯಾಗ ಬಿಡುವಿದ್ದಾಗ ನೋಡಿ ನೋಡಿ ಕಲೀಬಹುದು."

"ಫೋನಿನ್ಯಾಗ ಏನ್ ಬರ್ತೈತಿ ಬೇಟಾ, ಮಣ್ಣು? ನಾ ತಗದಿದ್ದರಾಗ ಕಾಳ ಕಾಳ ಕಾಣ್ತೈತಿ. ಎಲ್ಲಾ ಇದರಾಗೇ ಐತಿ. ಆಮ್ಯಾಲ ದೊಡ್ಡದು ಮಾಡಿಸಿ ಕೊಡ್ತೀನಿ, ನೋಡಿಕೊಂಡ ಕಲಿಯವಂತಿ."

"ಇರ್ಲಿ ಬಿಡೋ, ತಗೋಲಿ ಪಾಪ," ಎಂದಳು ಅಕ್ಕ.

"ಬಿಸಲ ಹೋಗ್ತೈತಿ ಅಕ್ಕಾ!"

ಸೊಸೆ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಗೋಡೆಯ ಪಕ್ಕದಲ್ಲೇ, ಅಂಗಳದ ಮೇಲೆ ನೆರಳು ಬೀಳದ ಹಾಗೆ ಓರೆಯಾಗಿ ನಡೆದು ಗೇಟು ತೆಗೆದು ಹೋದಳು. ಮತ್ತೆ ಆ ತಿಂಗಳಿಡೀ ಅವಳು ಫೋನ್ ತರಲಿಲ್ಲ. ನಾನು ಆ ದಿನ ಎರಡು ಚಿತ್ರ ತೆಗೆದೆ, ಎರಡೂ ಬಹಳ ಚೆನ್ನಾಗಿ ಬಂದವು.

ಸಂಕ್ರಾಂತಿ ಮುಗಿಯಿತು. ನಾನು ಕಂಪ್ಯೂಟರಿನ ಮುಂದೆ ಕೂತು ಚಿತ್ರ ತಿದ್ದುವುದರಲ್ಲಿ ಮುಳುಗಿದೆ. ಅಕ್ಕನ ಮೊಣಕಾಲು ಊದಿಕೊಂಡಿತ್ತು, ಹದಿನೈದು ದಿನ ನೆಲಕ್ಕೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಸೊಸೆಗೆ ಪರೀಕ್ಷೆಯ ಕೆಲಸ. ಯುಗಾದಿ ಆದ ಮೇಲೆ ಕೂತರಾಯಿತು ಎಂದುಕೊಂಡರಂತೆ. ಯುಗಾದಿಗೆ ಒಂದು ವಾರ ಇರುವಾಗ, ಬೆಳಿಗ್ಗೆ ಹತ್ತು ಗಂಟೆಗೆ, ಅಕ್ಕ ಅಕ್ಕಿ ಆರಿಸುತ್ತ ಕೂತವಳು ಮೊರದ ಮೇಲೆಯೇ ಒರಗಿದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಎರಡೆರಡು ಸಲ ಬಗ್ಗಿ ಕೂತದ್ದಕ್ಕೆ ಹೀಗಾಯಿತೇ ಎಂದು ಡಾಕ್ಟರನ್ನು ಗುಟ್ಟಾಗಿ ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಷ್ಟರ ಮಟ್ಟಿಗೆ ಬಚಾವಾದೆ ಎಂದು ಉಸಿರು ಬಿಟ್ಟೆನಲ್ಲ, ಆ ಉಸಿರಿಗೂ ಈಗ ನಾಚಿಕೆಯಾಗುತ್ತದೆ.

ಮಾತು ತಿಂಗಳುಗಟ್ಟಲೆ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಮರಳಿತು. ಅಕ್ಕ ಮನೆಗೆ ಬಂದ ಮೇಲೆ ಸಮಾಧಾನಕ್ಕೆ ಇರಲಿ ಎಂದು ನಾನು ಐದು ರಂಗೋಲಿಗಳನ್ನು ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಿ ಕೊಟ್ಟೆ. ಬಂದವರೆಲ್ಲ ಗೋಡೆಯ ಹತ್ತಿರ ಹೋಗಿ ಮೂಗು ತಾಗಿಸಿ ನೋಡುತ್ತಿದ್ದರು. ಕಲ್ಲಿನ ನರ ಕಾಣುತ್ತಿತ್ತು, ಪುಡಿಯ ಕಾಳು ಕಾಣುತ್ತಿತ್ತು, ಒಂದರಲ್ಲಿ ಎಳೆ ದಾಟುತ್ತಿದ್ದ ಇರುವೆಯ ಮೀಸೆಯೂ ಕಾಣುತ್ತಿತ್ತು. ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮತ್ತೆ ಧನುರ್ಮಾಸ ಬಂತು. ಮೊದಲ ಭಾನುವಾರ ನಾನು ಹೋದಾಗ ಅಂಗಳದಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಸಿಲಿಗೆ ಕೂತಿದ್ದಳು, ಬಲಗೈ ಮಡಿಲಲ್ಲಿತ್ತು. ಸೊಸೆ ನಾನು ಕೊಟ್ಟ ಚೌಕಟ್ಟೊಂದನ್ನು ಗೋಡೆಯಿಂದ ಇಳಿಸಿ ಮೆಟ್ಟಿಲಿಗೆ ಒರಗಿಸಿ, ಕಲ್ಲಿನ ಮೇಲೆ ಅದನ್ನೇ ನೋಡುತ್ತ ರಂಗೋಲಿ ಹಾಕುತ್ತಿದ್ದಳು. ಅವಳ ಕೈ ಒಳ್ಳೆಯ ಕೈ, ಚಿಕ್ಕಂದಿನಿಂದ ಮುಗ್ಗು ಹಾಕಿದ ಕೈ. ಆದರೆ ಚುಕ್ಕಿಯಿಲ್ಲದ ಎಳೆಗೆ ಮೊದಲ ತಿರುವೇ ಅಳತೆ. ಅದು ಎಷ್ಟಗಲ ಬಿತ್ತೋ ಉಳಿದದ್ದೆಲ್ಲ ಅದರ ಮೇಲೆ ನಡೆಯುತ್ತದೆ. ಸೊಸೆ ನಡುವಿನಿಂದ ಹೊರಟಳು. ಅಂಚಿಗೆ ಬರುವಷ್ಟರಲ್ಲಿ ಅಂಗಳ ಸಾಲಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಂಚಿನಿಂದ ಹೊರಟಳು. ನಡುವೆ ಬಂದು ಎಳೆಗಳು ಒಂದಕ್ಕೊಂದು ಕೂಡಲಿಲ್ಲ, ಮತ್ತೆ ತಾನೇ ಹಾಕಿದ ಎಳೆಗಳ ನಡುವೆ ಹೊರಬರಲು ಜಾಗವಿಲ್ಲದೆ ಸಿಕ್ಕಿಕೊಂಡಳು. ಅಕ್ಕ ಎಡಗೈ ಆಡಿಸಿ "ಅಲ್ಲ, ಅಲ್ಲ" ಎನ್ನುತ್ತಿದ್ದಳು.

"ಮತ್ತ ಎಲ್ಲಿಂದ ಹೊಂಡಬೇಕು ಅತ್ತಮ್ಮಾ? ಬಟ್ಟ ಮಾಡಿ ತೋರಸ್ರಿ," ಎಂದಳು ಸೊಸೆ.

ಅಕ್ಕ ಚಿತ್ರದ ಕಡೆ ಎಡಗೈ ಬೆರಳು ಮಾಡಿದಳು. ಮೊದಲು ಒಂದು ಮೂಲೆ. ಆಮೇಲೆ ತಲೆ ಅಲ್ಲಾಡಿಸಿ ಇನ್ನೊಂದು. ಆಮೇಲೆ ಬೆರಳು ಗಾಳಿಯಲ್ಲಿ ಹಾಗೇ ನಿಂತಿತು. ಬಹಳ ಹೊತ್ತು ಚಿತ್ರವನ್ನೇ ನೋಡಿದಳು. ಕೊನೆಗೆ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿ, ಒಂದೊಂದೇ ಮಾತು ಹುಡುಕುತ್ತ ಹೇಳಿದಳು. "ಇದಕ್ಕ... ಗೊತ್ತಿತ್ತವ್ವಾ. ನನಗ... ಗೊತ್ತಿಲ್ಲ."

ಸೊಸೆ ಹಿಂದಿನ ವರ್ಷದ ಫೋನಿನ ಮಾತನ್ನು ಎತ್ತಬಹುದಿತ್ತು, ಎತ್ತಲಿಲ್ಲ. ಎತ್ತಿದ್ದರೆ ನನಗೆ ಕೋಪ ಮಾಡಿಕೊಳ್ಳಲಾದರೂ ಒಂದು ದಾರಿ ಇರುತ್ತಿತ್ತು. ಪುಡಿಯ ಬಟ್ಟಲು ಹಿಡಿದು ಒರೆಸಿದ ಕಲ್ಲಿನ ಮುಂದೆ ಕೂತಿದ್ದಳು.

ಆಗ ಅಕ್ಕನ ಮುಖ ಅರಳಿತು. ಏನೋ ಸಿಕ್ಕಿತು ಎನ್ನುವ ಹಾಗೆ ನನ್ನ ಕಡೆ ತಿರುಗಿದಳು. "ನೀ ನೋಡಿದ್ದಿ ಅಲ್ಲ... ತಮ್ಮಾ. ಮ್ಯಾಲಿಂದ. ದಿನಾ. ಹೇಳು... ಆಕಿಗೆ."

ಸೊಸೆಯೂ ತಲೆಯೆತ್ತಿ ನನ್ನನ್ನು ನೋಡಿದಳು. ಹೌದು, ಇಡೀ ತಿಂಗಳು ಅಕ್ಕನ ತಲೆಯ ಮೇಲೆಯೇ ಏಣಿ ಹತ್ತಿ ನಿಂತವನು ನಾನು. ಅಷ್ಟು ಚೆನ್ನಾಗಿ ಕಾಣುವ ಜಾಗದಲ್ಲಿ ಇನ್ಯಾರೂ ನಿಂತಿರಲಿಲ್ಲ. ಆದರೆ ಅಕ್ಕ ಎಳೆ ಬಿಡುವಾಗ ನಾನು ಬ್ಯಾಟರಿ ಬದಲಿಸುತ್ತಿದ್ದೆ, ಲೆನ್ಸ್ ಒರೆಸುತ್ತಿದ್ದೆ, ಬಿಸಿಲು ಎಲ್ಲಿಗೆ ಬಂತು ಎಂದು ಗೋಡೆ ನೋಡುತ್ತಿದ್ದೆ. ಅವಳು ಮುಗಿಸಿ, ಮೊಣಕಾಲು ಹಿಡಿದು ಎದ್ದು, ಪಕ್ಕಕ್ಕೆ ಸರಿದ ಮೇಲೆಯೇ ನಾನು ಕಲ್ಲನ್ನು ನೋಡಲು ಶುರು ಮಾಡುತ್ತಿದ್ದುದು.

"ನಾ ನೋಡಿಲ್ಲ ಅಕ್ಕಾ," ಎಂದೆ.

ಅಕ್ಕ ನಕ್ಕಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. "ಹೇಳೋ," ಎಂದಳು.